ಡಯಾಲಿಸಿಸ್‌ನಲ್ಲಿರುವವರಿಗೆ ಕೊರೊನಾ ಲಸಿಕೆ: ಎಷ್ಟು ಕಾಪಾಡುತ್ತದೆ, ಹೇಗೆ ಹಾಕಿಸಿಕೊಳ್ಳಬೇಕು

ನಮ್ಮ ಅಮ್ಮನಿಗೆ ವಾರಕ್ಕೆ 3 ದಿನ ಡಯಾಲಿಸಿಸ್. ಬೆಳಗಿನ ಶಿಫ್ಟ್, ಪ್ರತಿ ಸಲ 4 ಗಂಟೆ. 2021ರ ಮಾರ್ಚ್‌ನಲ್ಲಿ ಕೊರೊನಾ ಲಸಿಕೆಯ ಸರದಿ ನಮ್ಮವರಿಗೂ ಬಂದಾಗ ಪಕ್ಕದ ಬೆಡ್‌ನ ಯಜಮಾನರೊಬ್ಬರು ಕೇಳಿದ್ದರು, "ನಮ್ಮಂಥವರ ಮೈಗೆ ಇದು ಹಿಡಿಯುತ್ತಾ?" ಅಂತ. ಆವತ್ತು ಯಾರ ಹತ್ತಿರವೂ ಗಟ್ಟಿ ಉತ್ತರ ಇರಲಿಲ್ಲ. ಲಸಿಕೆಯ ಮೊದಲ ದೊಡ್ಡ ಪ್ರಯೋಗಗಳಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವವರನ್ನು ಹೆಚ್ಚೂಕಡಿಮೆ ಸೇರಿಸಿಕೊಂಡೇ ಇರಲಿಲ್ಲ.

ಈಗ ಉತ್ತರ ಇದೆ. ಹಿಡಿಯುತ್ತದೆ. ಆದರೆ ಬೇರೆಯವರಿಗಿಂತ ಕಡಿಮೆ ಹಿಡಿಯುತ್ತದೆ, ಬೇಗ ಇಳಿಯುತ್ತದೆ. ಕೆಳಗೆ ಬರೆದಿರುವುದೆಲ್ಲ ಈ ಮಾತಿನ ಮೇಲೇ ನಿಂತಿದೆ. ನಾನು ಡಾಕ್ಟರ್ ಅಲ್ಲ. ಅಮ್ಮನ ಜೊತೆ ಡಯಾಲಿಸಿಸ್ ಯೂನಿಟ್‌ನ ಹೊರಗಿನ ಬೆಂಚಿನ ಮೇಲೆ ಕೂತು ವರ್ಷಗಟ್ಟಲೆ ಓದಿದ್ದು, ಕೇಳಿದ್ದು, ಮಾಡಿದ್ದು ಇದು. ನಿಮ್ಮ ಕಿಡ್ನಿ ಡಾಕ್ಟರ್ ಬೇರೆ ಹೇಳಿದರೆ ಅವರ ಮಾತೇ ನಡೆಯಲಿ.

ಹೆಜ್ಜೆ 1: "ಎಷ್ಟು ಕಾಪಾಡುತ್ತದೆ" ಅನ್ನುವುದನ್ನು ಮೊದಲು ಸರಿಯಾಗಿ ತಿಳಿದುಕೊಳ್ಳಿ

ಲಸಿಕೆ ಬರುವ ಮೊದಲು ಏನಾಗುತ್ತಿತ್ತು ಅಂತ ನೋಡಿ. 2020ರಲ್ಲಿ ಯುರೋಪಿನ ಡಯಾಲಿಸಿಸ್ ರೋಗಿಗಳ ದಾಖಲೆ ತೆಗೆದು ಲೆಕ್ಕ ಹಾಕಿದಾಗ, ಕೊರೊನಾ ಬಂದ ಪ್ರತಿ 5 ಜನರಲ್ಲಿ ಸುಮಾರು ಒಬ್ಬರು 28 ದಿನಗಳೊಳಗೆ ತೀರಿಕೊಂಡಿದ್ದರು. ಇದು ನಮ್ಮವರಿಗೆ ಎಂಥ ಕಾಯಿಲೆಯಾಗಿತ್ತು ಅನ್ನುವುದನ್ನು ಮರೆಯಬಾರದು.

ಲಸಿಕೆ ಬಂದ ಮೇಲಿನ ಲೆಕ್ಕಕ್ಕೆ ನನಗೆ ಹೆಚ್ಚು ನಂಬಿಕೆ ಹುಟ್ಟಿಸಿದ್ದು ಕೆನಡಾದ ಒಂಟಾರಿಯೊ ಪ್ರಾಂತ್ಯದ್ದು. ಅಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವ 13 ಸಾವಿರಕ್ಕೂ ಹೆಚ್ಚು ಜನರನ್ನು ನೋಡಿದರು, 2020ರ ಡಿಸೆಂಬರ್‌ನಿಂದ 2021ರ ಮಧ್ಯದವರೆಗೆ. ಎರಡು ಡೋಸ್ ಆದವರಲ್ಲಿ ಸೋಂಕು ತಗಲುವುದು ಶೇ. 69ರಷ್ಟು ಕಡಿಮೆಯಾಗಿತ್ತು. ಆಸ್ಪತ್ರೆ ಸೇರುವಷ್ಟು ಜೋರಾಗುವುದು ಅಥವಾ ಸಾವು ಶೇ. 83ರಷ್ಟು ಕಡಿಮೆಯಾಗಿತ್ತು. ಇದರ ಅರ್ಥ ತುಂಬಾ ಜನ ತಪ್ಪು ತಿಳಿಯುತ್ತಾರೆ. ನೂರು ಜನ ಲಸಿಕೆ ಹಾಕಿಸಿಕೊಂಡರೆ 83 ಜನ ಬಚಾವ್, 17 ಜನಕ್ಕೆ ಗ್ಯಾರಂಟಿ ಜೋರಾಗುತ್ತದೆ ಅಂತಲ್ಲ. ಲಸಿಕೆ ಇಲ್ಲದ ಗುಂಪಿನಲ್ಲಿ 100 ಜನರಿಗೆ ಜೋರಾಗುವ ಕಡೆ, ಅಷ್ಟೇ ದೊಡ್ಡ ಲಸಿಕೆ ಆದ ಗುಂಪಿನಲ್ಲಿ 17 ಜನರಿಗೆ ಜೋರಾಗುತ್ತದೆ ಅಂತ.

ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಸೋಂಕು ತಡೆಯುವುದಕ್ಕಿಂತ ಜೋರಾಗದ ಹಾಗೆ ತಡೆಯುವುದರಲ್ಲಿ ಲಸಿಕೆ ಮುಂದಿದೆ. "ಲಸಿಕೆ ಹಾಕಿಸಿಕೊಂಡರೂ ಬಂತಲ್ಲ" ಅಂತ ಬೇಜಾರು ಮಾಡಿಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ. ಬಂದರೂ ಐಸಿಯು ಮೆಟ್ಟಿಲು ಹತ್ತದೆ ಮನೆಗೆ ಬಂದಿರಿ ಅಲ್ವಾ, ಲಸಿಕೆ ಮಾಡಬೇಕಾದ ಕೆಲಸ ಅದೇ.

ಇನ್ನೆರಡು ವಿಷಯ ಇಲ್ಲೇ ಹೇಳಬೇಕು. ಒಂಟಾರಿಯೊದಲ್ಲಿ ಹಾಕಿದ್ದು ಬಹುಪಾಲು ಫೈಜರ್, ಮಾಡರ್ನಾ ಲಸಿಕೆಗಳು. ನಮ್ಮಲ್ಲಿ ಹೆಚ್ಚಿನವರಿಗೆ ಸಿಕ್ಕಿದ್ದು ಪುಣೆಯ ಕೋವಿಶೀಲ್ಡ್ ಮತ್ತು ಹೈದರಾಬಾದಿನ ಕೋವ್ಯಾಕ್ಸಿನ್. ಜೊತೆಗೆ ಆ ಲೆಕ್ಕ ಒಮಿಕ್ರಾನ್ ತಳಿ ಬರುವ ಮೊದಲಿನದು. ಬ್ರಿಟನ್‌ನಲ್ಲಿ ಡಯಾಲಿಸಿಸ್ ರೋಗಿಗಳ ರಕ್ತ ಪರೀಕ್ಷೆ ಮಾಡಿದಾಗ, ಕೋವಿಶೀಲ್ಡ್ ಮಾದರಿಯದೇ ಆದ ಆಸ್ಟ್ರಾಜೆನೆಕಾ ಲಸಿಕೆಯ 2 ಡೋಸ್ ಪಡೆದವರಲ್ಲಿ ಡೆಲ್ಟಾ ತಳಿಯನ್ನು ತಡೆಯುವ ಆಂಟಿಬಾಡಿ ಫೈಜರ್ ಪಡೆದವರಿಗಿಂತ ಕಡಿಮೆ ಇತ್ತು. ಹಾಗಾಗಿ 83 ಅನ್ನುವ ಸಂಖ್ಯೆಯನ್ನು ಹಾಗೇ ಎತ್ತಿ ನಮ್ಮ ಮೇಲೆ ಇಟ್ಟುಕೊಳ್ಳುವುದು ಬೇಡ. ಮೂರನೇ ಡೋಸ್ ಯಾಕೆ ಬೇಕು ಅನ್ನುವುದಕ್ಕೆ ಇದೇ ದೊಡ್ಡ ಕಾರಣ.

ಹೆಜ್ಜೆ 2: ಹೆಪಟೈಟಿಸ್ ಬಿ ಲಸಿಕೆಯನ್ನು ನೆನಪು ಮಾಡಿಕೊಳ್ಳಿ

ಡಯಾಲಿಸಿಸ್ ಶುರು ಮಾಡಿದ ಹೊಸದರಲ್ಲಿ ಹೆಪಟೈಟಿಸ್ ಬಿ ಇಂಜೆಕ್ಷನ್ ಹಾಕಿಸಿದ್ದು ನೆನಪಿದೆಯಾ? ಬೇರೆ ದೊಡ್ಡವರಿಗೆ 20 ಮೈಕ್ರೋಗ್ರಾಂ ಕೊಡುವ ಕಡೆ ನಮ್ಮವರಿಗೆ ಸಾಮಾನ್ಯವಾಗಿ 40 ಕೊಡುತ್ತಾರೆ. ಬೇರೆಯವರಿಗೆ 3 ಡೋಸ್ ಸಾಕಾದರೆ ನಮ್ಮವರಿಗೆ 4. ಆಮೇಲೆ ರಕ್ತದಲ್ಲಿ ಆಂಟಿಬಾಡಿ ಎಷ್ಟಿದೆ ಅಂತ ಅಳೆಯುವ ಟೈಟರ್ ಟೆಸ್ಟ್ ಮಾಡಿಸಿ 10ಕ್ಕಿಂತ ಮೇಲಿದೆಯಾ ನೋಡುತ್ತಾರೆ, ವರ್ಷಕ್ಕೊಮ್ಮೆ ಮತ್ತೆ ನೋಡುತ್ತಾರೆ, ಇಳಿದಿದ್ದರೆ ಬೂಸ್ಟರ್ ಹಾಕುತ್ತಾರೆ.

ಯಾಕೆ ಇಷ್ಟೆಲ್ಲ? ಕಿಡ್ನಿ ಕೆಲಸ ನಿಂತ ಮೈಯಲ್ಲಿ ಕಲ್ಮಶ ಪೂರ್ತಿ ಹೋಗುವುದಿಲ್ಲ. ವಾರಕ್ಕೆ 12 ಗಂಟೆ ಮಷೀನ್ ಮೇಲಿದ್ದರೂ ಅಷ್ಟೇ. ಅದು ರೋಗ ತಡೆಯುವ ಜೀವಕೋಶಗಳನ್ನು ಮಂಕು ಮಾಡುತ್ತದೆ. ಲಸಿಕೆ ಕಲಿಸಿದ ಪಾಠವನ್ನು ಅವು ನಿಧಾನವಾಗಿ ಕಲಿಯುತ್ತವೆ, ಬೇಗ ಮರೆಯುತ್ತವೆ. ವಯಸ್ಸು, ಸಕ್ಕರೆ ಕಾಯಿಲೆ, ರಕ್ತದಲ್ಲಿ ಆಲ್ಬುಮಿನ್ ಕಡಿಮೆ ಇರುವುದು, ಸ್ಟಿರಾಯ್ಡ್‌ನಂಥ ಮಾತ್ರೆಗಳು ಇವೆಲ್ಲ ಸೇರಿದರೆ ಇನ್ನೂ ಕಡಿಮೆ. ಕೊರೊನಾ ಲಸಿಕೆಯಲ್ಲೂ ಇದೇ ಕಂಡಿತು. ಇಸ್ರೇಲ್‌ನಲ್ಲಿ 56 ಡಯಾಲಿಸಿಸ್ ರೋಗಿಗಳಿಗೆ ಫೈಜರ್‌ನ 2 ಡೋಸ್ ಹಾಕಿ ನೋಡಿದಾಗ ಶೇ. 96 ಜನರಲ್ಲಿ ಆಂಟಿಬಾಡಿ ಬಂದಿತ್ತು, ಖುಷಿಯ ವಿಷಯ. ಆದರೆ ಅದರ ಮಟ್ಟ ಆರೋಗ್ಯವಂತರಿಗಿಂತ ಅರ್ಧಕ್ಕೂ ಕೆಳಗಿತ್ತು. ಅಷ್ಟು ಕೆಳಗಿನಿಂದ ಇಳಿಯಲು ಶುರುವಾದರೆ ಬೇಗ ತಳ ಮುಟ್ಟುತ್ತದೆ.

ಅದಕ್ಕೇ "ಎರಡು ಡೋಸ್ ಆಗಿದೆ, ಸಾಕು ಬಿಡಿ" ಅನ್ನುವ ಮಾತು ನಮ್ಮ ಮನೆಗಳಲ್ಲಿ ನಡೆಯುವುದಿಲ್ಲ.

ಹೆಜ್ಜೆ 3: ಹಳೆಯ ಲೆಕ್ಕ ಹುಡುಕಿ ಬರೆದಿಡಿ

ಕೋವಿನ್ ಸರ್ಟಿಫಿಕೇಟ್ ತೆಗೆಯಿರಿ. ಯಾವ ಲಸಿಕೆ, ಎಷ್ಟು ಡೋಸ್, ಯಾವ ತಾರೀಖು. ಅದನ್ನು ಡಯಾಲಿಸಿಸ್ ಫೈಲಿನ ಮೊದಲ ಪುಟದಲ್ಲಿ, ಡ್ರೈ ವೇಟ್ (ಹೆಚ್ಚಿನ ನೀರು ತೆಗೆದ ಮೇಲೆ ಇರಬೇಕಾದ ತೂಕ) ಮತ್ತು ಬ್ಲಡ್ ಗ್ರೂಪ್ ಬರೆದಿರುವ ಕಡೆಯಲ್ಲೇ ಬರೆದಿಡಿ. ಪಾಸಿಟಿವ್ ಬಂದಿದ್ದರೆ ಅದರ ತಾರೀಖೂ ಇರಲಿ.

ನಮ್ಮ ಯೂನಿಟ್‌ನಲ್ಲಿ ನಾನು ನೋಡಿದ ಹಾಗೆ ತುಂಬಾ ಜನರ ಲೆಕ್ಕ 2021ರ ಎರಡನೇ ಡೋಸ್‌ಗೇ ನಿಂತುಹೋಗಿದೆ. ಮುನ್ನೆಚ್ಚರಿಕೆ ಡೋಸ್ ಅಂತ ಮೂರನೆಯದು 2022ರ ಜನವರಿ 10ರಿಂದ 60 ದಾಟಿದ, ಬೇರೆ ಕಾಯಿಲೆ ಇರುವವರಿಗೆ ಶುರುವಾಯಿತು. ಆಗ ಎರಡನೆಯದಾಗಿ 9 ತಿಂಗಳು ಕಾಯಬೇಕಿತ್ತು, ಜುಲೈನಲ್ಲಿ ಅದನ್ನು 6 ತಿಂಗಳಿಗೆ ಇಳಿಸಿದರು. ಅಷ್ಟರಲ್ಲಿ ಒಮಿಕ್ರಾನ್ ಅಲೆ ಮುಗಿದು ಜನರಿಗೆ ಭಯ ಹೋಗಿತ್ತು, ಯಾರೂ ಆ ಕಡೆ ತಲೆ ಹಾಕಲಿಲ್ಲ. ನಿಮ್ಮ ಮನೆಯಲ್ಲೂ ಹಾಗೇ ಆಗಿದ್ದರೆ ಮುಂದಿನ ಹೆಜ್ಜೆಗೆ ಇವತ್ತೇ ಹೋಗಿ.

ಹೆಜ್ಜೆ 4: ಕಿಡ್ನಿ ಡಾಕ್ಟರ್ ಹತ್ತಿರ ಇದನ್ನೆಲ್ಲ ಕೇಳಿ

ರೌಂಡ್ಸ್‌ಗೆ ಬಂದ ಡಾಕ್ಟರ್ ಒಬ್ಬೊಬ್ಬರ ಹತ್ತಿರ ಎರಡು ನಿಮಿಷ ನಿಲ್ಲುತ್ತಾರೆ, ಆ ಹೊತ್ತಿಗೆ ಕೇಳಬೇಕಾದ್ದು ಮರೆತುಹೋಗುತ್ತದೆ, ಹಾಗಾಗಿ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಇನ್ನೊಂದು ಡೋಸ್ ಬೇಕಾ, ಯಾವಾಗ? ಯಾವ ಲಸಿಕೆ ಆಗಬಹುದು, ಎಲ್ಲಿ ಸಿಗುತ್ತದೆ? ಈಗ 2021ರ ಹಾಗೆ ಊರೂರಲ್ಲಿ ಶಿಬಿರ ಇಲ್ಲ. ಹಾಗಾಗಿ ಹೊರಡುವ ಮೊದಲು ಫೋನ್ ಮಾಡಿ ಲಸಿಕೆ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಅಮೆರಿಕದಲ್ಲಿ ಮಕ್ಕಳ ಮನೆಗೆ ಹೋಗಿ ಅಲ್ಲೇ ಡಯಾಲಿಸಿಸ್ ಮಾಡಿಸುವವರು ಅಲ್ಲಿಯ ಯೂನಿಟ್‌ನಲ್ಲೇ ಕೇಳಿ. ಅಲ್ಲಿ ಹೊಸ ತಳಿಗೆ ತಕ್ಕಂತೆ ಬದಲಿಸಿದ ಲಸಿಕೆ ವರ್ಷ ವರ್ಷ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ, ಹೆಚ್ಚು ಅಪಾಯದಲ್ಲಿರುವವರಿಗೆ ಕೊನೆಯ ಡೋಸ್ ಆಗಿ 6 ಅಥವಾ 12 ತಿಂಗಳ ಮೇಲೆ ಮತ್ತೊಂದು ಕೊಡಬೇಕು ಅಂತ ಹೇಳಿತ್ತು.

ಡಾಕ್ಟರ್ ಕೇಳದಿದ್ದರೂ ನೀವಾಗಿಯೇ ಹೇಳಬೇಕಾದ ಕೆಲವು ವಿಷಯ ಇವೆ. ರಕ್ತ ಹೆಪ್ಪುಗಟ್ಟದಿರಲಿ ಅಂತ ಕೊಡುವ ಹೆಪಾರಿನ್‌ನಿಂದ ಪ್ಲೇಟ್‌ಲೆಟ್ ಬಿದ್ದುಹೋಗಿದ್ದು, ಮೊದಲ ಡೋಸ್‌ಗೆ ಜೋರಾದ ಅಲರ್ಜಿ ಆಗಿದ್ದು, ರಕ್ತ ತೆಳುವಾಗಿಸುವ ಮಾತ್ರೆ, ಸ್ಟಿರಾಯ್ಡ್ ಅಥವಾ ರಿಟುಕ್ಸಿಮ್ಯಾಬ್ ಇಂಜೆಕ್ಷನ್. ರಿಟುಕ್ಸಿಮ್ಯಾಬ್ ಆಂಟಿಬಾಡಿ ತಯಾರಿಸುವ ಜೀವಕೋಶಗಳನ್ನೇ ಅಳಿಸಿಹಾಕುವುದರಿಂದ ಲಸಿಕೆಯ ದಿನವನ್ನು ಅದಕ್ಕೆ ಹೊಂದಿಸಿ ನೋಡಬೇಕಾಗುತ್ತದೆ.

ಕೋವಿಶೀಲ್ಡ್‌ನಿಂದ ರಕ್ತ ಹೆಪ್ಪುಗಟ್ಟುವ ಸುದ್ದಿ 2024ರಲ್ಲಿ ಮತ್ತೆ ಓಡಾಡಿತು, ಅಮ್ಮನೂ ಹೆದರಿದ್ದರು. ಅದು ನಿಜವಾಗಿ ಇರುವ ತೊಂದರೆ, ಆದರೆ ತುಂಬಾ ತುಂಬಾ ಅಪರೂಪ. ಬರುವುದಿದ್ದರೆ ಲಸಿಕೆ ಹಾಕಿದ ಮೊದಲ ಕೆಲವು ವಾರಗಳಲ್ಲೇ ಬರುತ್ತದೆ. 2021ರಲ್ಲಿ ಹಾಕಿಸಿಕೊಂಡವರು ಇವತ್ತು ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ.

ಹೆಜ್ಜೆ 5: ಯಾವ ದಿನ, ಯಾವ ತೋಳು

ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಇರುವ ಕೈಗೆ ಹಾಕಿಸಲೇಬಾರದು. ಆ ಕೈಯಲ್ಲಿ ಬಿಪಿ ನೋಡುವುದಿಲ್ಲ, ರಕ್ತ ತೆಗೆಯುವುದಿಲ್ಲ, ಲಸಿಕೆಯೂ ಬೇಡ. ಲಸಿಕಾ ಕೇಂದ್ರದ ಸಿಸ್ಟರ್‌ಗೆ ಫಿಸ್ಟುಲಾ ಅಂದರೆ ಗೊತ್ತಿಲ್ಲದೇ ಇರಬಹುದು, ಕೂತ ತಕ್ಷಣ ನೀವೇ ಇನ್ನೊಂದು ತೋಳು ಮುಂದೆ ಮಾಡಿ. ಎರಡೂ ಕೈಯಲ್ಲಿ ಆಪರೇಷನ್ ಆಗಿದ್ದರೆ ತೊಡೆಗೆ ಹಾಕಬಹುದು, ಮೊದಲೇ ಡಾಕ್ಟರ್ ಹತ್ತಿರ ಬರೆಸಿಕೊಂಡು ಹೋಗಿ.

ದಿನದ ವಿಷಯಕ್ಕೆ ಬಂದರೆ, ಡಯಾಲಿಸಿಸ್ ಇಲ್ಲದ ದಿನ ಒಳ್ಳೆಯದು. ಡಯಾಲಿಸಿಸ್ ಮಾಡುವಾಗ ಕೊಡುವ ಹೆಪಾರಿನ್ ಕೆಲವು ಗಂಟೆ ರಕ್ತ ಹೆಪ್ಪುಗಟ್ಟದ ಹಾಗೆ ಮಾಡಿರುತ್ತದೆ. ಆ ಹೊತ್ತಿನಲ್ಲಿ ಚುಚ್ಚಿದರೆ ತೋಳಿನಲ್ಲಿ ರಕ್ತ ಕಟ್ಟಿ ನೀಲಿಯಾಗಬಹುದು. ಯೂನಿಟ್‌ನಲ್ಲೇ ಹಾಕುವುದಾದರೆ ಹೆಪಾರಿನ್ ಕೊಡುವ ಮೊದಲೇ ಹಾಕಲಿ ಅಂತ ಕೇಳಿ. ಹೇಗಿದ್ದರೂ ಚುಚ್ಚಿದ ಜಾಗವನ್ನು ಕನಿಷ್ಠ 2 ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಉಜ್ಜಬೇಡಿ. ಒತ್ತಿ ಹಿಡಿಯುವುದು ನಮ್ಮವರಿಗೇನು ಹೊಸದಲ್ಲ, ಪ್ರತಿ ಸಲ ಸೂಜಿ ತೆಗೆದಾಗ ಮಾಡುವ ಕೆಲಸವೇ.

ಲಸಿಕೆಗೋಸ್ಕರ ಡಯಾಲಿಸಿಸ್ ತಪ್ಪಿಸಬೇಡಿ, ಮುಂದೆ ಹಾಕಬೇಡಿ.

ಮನೆಯಲ್ಲೇ ಹೊಟ್ಟೆಯ ಡಯಾಲಿಸಿಸ್ ಮಾಡಿಕೊಳ್ಳುವವರಿಗೆ ಈ ತೋಳು, ಹೆಪಾರಿನ್ ತಲೆನೋವು ಸಾಮಾನ್ಯವಾಗಿ ಇರುವುದಿಲ್ಲ. ಯೂನಿಟ್‌ಗೆ ಓಡಾಟ ಇಲ್ಲ ಅಂತ ಲಸಿಕೆ ಬೇಡ ಅಂದುಕೊಳ್ಳಬೇಡಿ ಅಷ್ಟೇ.

ಹೆಜ್ಜೆ 6: ಹಾಕಿಸಿಕೊಂಡ ಮೇಲಿನ ಎರಡು ದಿನ

ತಪ್ಪುಗಳು ಜಾಸ್ತಿ ಆಗುವುದೇ ಇಲ್ಲಿ. ಎಲ್ಲರಿಗೂ ಹೇಳುವ ಸಲಹೆ ನಮ್ಮವರಿಗೆ ಹೊಂದುವುದಿಲ್ಲ.

ಲಸಿಕಾ ಕೇಂದ್ರದಲ್ಲಿ "ಚೆನ್ನಾಗಿ ನೀರು ಕುಡಿಯಿರಿ" ಅಂತ ಹೇಳಿ ಕಳಿಸುತ್ತಾರೆ. ನಿಮ್ಮ ದಿನದ ನೀರಿನ ಲೆಕ್ಕ ಎಷ್ಟಿದೆಯೋ ಅಷ್ಟೇ ಕುಡಿಯಿರಿ. ಗಂಜಿ, ಕಾಫಿ, ಮಜ್ಜಿಗೆ ಎಲ್ಲ ಅದೇ ಲೆಕ್ಕಕ್ಕೆ ಸೇರಿಸಿ. ಅಮ್ಮನಿಗೆ ಎರಡನೇ ಡೋಸ್ ಆದ ಮಾರನೇ ದಿನ ಸಣ್ಣ ಜ್ವರ ಬಂತು. ಎದುರು ಮನೆಯ ಆಂಟಿ ಪ್ರೀತಿಯಿಂದ ಎರಡು ಎಳನೀರು ತಂದುಕೊಟ್ಟರು. ತಂಗಿ ಅಡುಗೆಮನೆಯಿಂದ ಬಂದು ನೋಡುವಷ್ಟರಲ್ಲಿ ಅಮ್ಮ ಕಾಲು ಭಾಗ ಕುಡಿದಿದ್ದರು. ಎಳನೀರಿನಲ್ಲಿ ಪೊಟ್ಯಾಸಿಯಂ ತುಂಬಾ ಇರುತ್ತದೆ, ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ಕೆಡುತ್ತದೆ. ಓಆರ್‌ಎಸ್ ಪುಡಿ, ಮೂಸಂಬಿ ರಸವೂ ಹಾಗೇ. ಆವತ್ತಿನಿಂದ ನಮ್ಮ ಮನೆಗೆ ಹುಷಾರು ವಿಚಾರಿಸಲು ಬರುವವರಿಗೆ ಬಾಗಿಲಲ್ಲೇ ಹೇಳುತ್ತೇವೆ. ಯಾರಿಗೂ ಬೇಜಾರಾಗಿಲ್ಲ.

ಮೈಕೈ ನೋವಿಗೆ ಪ್ಯಾರಾಸಿಟಮಾಲ್, ಡಾಕ್ಟರ್ ಹೇಳಿದ ಲೆಕ್ಕದಲ್ಲಿ. ಮೆಡಿಕಲ್ ಶಾಪಿನಲ್ಲಿ ಕೊಡುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ನೋವಿನ ಮಾತ್ರೆ ಬೇಡ. ಇನ್ನೂ ಸ್ವಲ್ಪ ಮೂತ್ರ ಬರುತ್ತಿದ್ದರೆ ಇವುಗಳಿಂದ ಅದೂ ನಿಂತುಹೋಗಬಹುದು, ಹೊಟ್ಟೆಯಲ್ಲಿ ರಕ್ತಸ್ರಾವವೂ ಆಗಬಹುದು. "ಶಕ್ತಿ ಬರಲಿ" ಅಂತ ಅಮೃತಬಳ್ಳಿ ಕಷಾಯ, ವಿಟಮಿನ್ ಸಿ ಮಾತ್ರೆಗಳ ರಾಶಿ ಬೇಡವೇ ಬೇಡ. ಅಮೃತಬಳ್ಳಿ ಕುಡಿದು ಲಿವರ್ ಕೆಟ್ಟವರ ವರದಿಗಳು 2021ರಲ್ಲೇ ಮುಂಬೈಯಿಂದ ಬಂದಿದ್ದವು. ಹೆಚ್ಚಾದ ವಿಟಮಿನ್ ಸಿ ಆಕ್ಸಲೇಟ್ ಆಗಿ ಮೈಯಲ್ಲೇ ಕೂರುತ್ತದೆ, ಹೊರಗೆ ಹೋಗಲು ನಮ್ಮವರಿಗೆ ದಾರಿ ಇಲ್ಲ.

ಇನ್ಸುಲಿನ್ ತೆಗೆದುಕೊಳ್ಳುವವರು ಇನ್ನೊಂದು ನೋಡಿಕೊಳ್ಳಬೇಕು. ಕಿಡ್ನಿ ಇಲ್ಲದ ಮೈಯಲ್ಲಿ ಇನ್ಸುಲಿನ್ ಹೆಚ್ಚು ಹೊತ್ತು ಉಳಿಯುತ್ತದೆ. ಜ್ವರಕ್ಕೆ ಬಾಯಿ ರುಚಿ ಕೆಟ್ಟು ಊಟ ಬಿಟ್ಟರೆ ಸಕ್ಕರೆ ದಿಢೀರ್ ಇಳಿಯುತ್ತದೆ, ಹಾಗಾಗಿ ಆ ಎರಡು ದಿನ ಗ್ಲುಕೋಮೀಟರ್ ಕೈಗೆ ಸಿಗುವ ಹಾಗಿರಲಿ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಕತ್ತಿನಲ್ಲಿ ಅಥವಾ ಎದೆಯಲ್ಲಿ ಕ್ಯಾತಿಟರ್ (ಡಯಾಲಿಸಿಸ್‌ಗೆ ರಕ್ತನಾಳದೊಳಗೆ ಇಟ್ಟ ಕೊಳವೆ) ಇರುವವರಿಗೆ ಜ್ವರ ಬಂದರೆ "ಲಸಿಕೆ ಜ್ವರ" ಅಂತ ಸುಮ್ನೆ ಮಲಗಬೇಡಿ. ಲಸಿಕೆಯ ಜ್ವರ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಮೈ ನಡುಗುವ ಚಳಿ, ಮಷೀನ್‌ಗೆ ಹಾಕಿದ ತಕ್ಷಣ ಶುರುವಾಗುವ ನಡುಕ, ಕ್ಯಾತಿಟರ್ ಬುಡದಲ್ಲಿ ಕೀವು ಅಥವಾ ಕೆಂಪು ಇವು ಆ ಕೊಳವೆಗೆ ಸೋಂಕಾಗಿರುವ ಗುರುತುಗಳು. ನಮ್ಮ ಶಿಫ್ಟ್‌ನಲ್ಲೇ ಒಬ್ಬರು ಲಸಿಕೆ ಅಂದುಕೊಂಡು ಮೂರು ದಿನ ಮಾತ್ರೆ ನುಂಗಿ ಕಾದರು, ಸೋಂಕು ರಕ್ತಕ್ಕೆ ಸೇರಿ ಎರಡು ವಾರ ಆಸ್ಪತ್ರೆಯಲ್ಲಿದ್ದರು. ಕ್ಯಾತಿಟರ್ ಇದ್ದು ಜ್ವರ ಬಂದರೆ ಅದೇ ದಿನ ಯೂನಿಟ್‌ಗೆ ಫೋನ್ ಮಾಡಿ.

ಮುಂದಿನ ಡಯಾಲಿಸಿಸ್‌ಗೆ ಹೋದಾಗ ಟೆಕ್ನಿಷಿಯನ್‌ಗೆ ಲಸಿಕೆ ಆಗಿದೆ, ಊಟ ಕಡಿಮೆಯಾಗಿದೆ ಅಂತ ಹೇಳಿ. ಊಟ ಬಿಟ್ಟು ಸೊರಗಿದ ಮೈಯಿಂದ ಎಂದಿನಷ್ಟೇ ನೀರು ಎಳೆದರೆ ಬಿಪಿ ಬೀಳುತ್ತದೆ.

ಹೆಜ್ಜೆ 7: ಆಂಟಿಬಾಡಿ ಟೆಸ್ಟ್‌ಗೆ ದುಡ್ಡು ಹಾಕಬೇಡಿ

ಹೆಪಟೈಟಿಸ್ ಬಿಗೆ 10 ಅನ್ನುವ ಗೆರೆ ಇದೆ. ಕೊರೊನಾಕ್ಕೆ ಎಲ್ಲರೂ ಒಪ್ಪಿದ ಅಂಥ ಗೆರೆ ಇಲ್ಲ, ಲ್ಯಾಬಿನಿಂದ ಲ್ಯಾಬಿಗೆ ಅಳತೆಯೂ ಬೇರೆ. ಸಂಖ್ಯೆ ದೊಡ್ಡದು ಬಂತು ಅಂತ ಮಾಸ್ಕ್ ಬಿಡುವುದು, ಚಿಕ್ಕದು ಬಂತು ಅಂತ ಎದೆಗುಂದುವುದು ಎರಡೂ ಬೇಡ. ಡಾಕ್ಟರ್ ಬರೆದುಕೊಟ್ಟರೆ ಮಾತ್ರ ಮಾಡಿಸಿ.

ಹೆಜ್ಜೆ 8: ಸುತ್ತಲಿನವರಿಗೂ ಹಾಕಿಸಿ

ನಮ್ಮವರ ಮೈ ಅರ್ಧ ಕೆಲಸ ಮಾಡಿದರೆ ಉಳಿದ ಅರ್ಧ ಸುತ್ತಲಿನವರು ಮಾಡಬೇಕು. ಡಯಾಲಿಸಿಸ್‌ನವರು ಲಾಕ್‌ಡೌನ್‌ನಲ್ಲೂ ಮನೆಯಲ್ಲಿ ಕೂರುವ ಹಾಗಿರಲಿಲ್ಲ. ವಾರಕ್ಕೆ ಎರಡು ಮೂರು ಸಲ ಹೊರಗೆ ಹೋಗಿ, ಒಂದೇ ಹಾಲ್‌ನಲ್ಲಿ ಹತ್ತಾರು ಜನರ ನಡುವೆ 4 ಗಂಟೆ ಮಲಗಲೇಬೇಕು. ಹಾಗಾಗಿ ಜೊತೆಗಿರುವ ಗಂಡ, ಹೆಂಡತಿ, ಮಕ್ಕಳು, ಕೆಲಸದವರು ಎಲ್ಲರ ಲಸಿಕೆಯ ಲೆಕ್ಕವೂ ನೋಡಿ. ಯೂನಿಟ್‌ನಲ್ಲಿ ಮಾಸ್ಕ್ ಹಾಕಿಕೊಳ್ಳಿ, ತಿಂಡಿ ತಿನ್ನುವಾಗ ತೆಗೆದದ್ದನ್ನು ಮತ್ತೆ ಹಾಕಿಕೊಳ್ಳಿ. ಹೋಗಿ ಬರುವ ಆಟೊದಲ್ಲಿ ಪಕ್ಕದ ಪರದೆ ಎತ್ತಿ ಕಟ್ಟಿಸಿ. ನೆಗಡಿ ಇರುವವರು ಅಟೆಂಡರ್ ಆಗಿ ಬರುವುದು ಬೇಡ, ಆವತ್ತು ಬೇರೆಯವರು ಬರಲಿ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳ ಬಗ್ಗೆಯೂ ಹೆಜ್ಜೆ 4ರ ಚೀಟಿಯಲ್ಲೇ ಬರೆದು ಡಾಕ್ಟರ್ ಹತ್ತಿರ ಕೇಳಿಬಿಡಿ.

ಹೆಜ್ಜೆ 9: ಲಸಿಕೆ ಆಗಿಯೂ ಪಾಸಿಟಿವ್ ಬಂದರೆ

ಯೂನಿಟ್‌ಗೆ ಹೊರಡುವ ಮೊದಲೇ ಫೋನ್ ಮಾಡಿ. ಪ್ರತ್ಯೇಕ ಮಷೀನ್ ಅಥವಾ ಕೊನೆಯ ಶಿಫ್ಟ್ ಕೊಡುತ್ತಾರೆ. ಹೆದರಿ ಹೋಗದೇ ಇರಬೇಡಿ, ಡಯಾಲಿಸಿಸ್ ತಪ್ಪಿದರೆ ಶ್ವಾಸಕೋಶದಲ್ಲಿ ನೀರು ತುಂಬಿ, ಉಬ್ಬಸ ಬಂದಿರುವುದು ಕೊರೊನಾದಿಂದಲೋ ನೀರಿನಿಂದಲೋ ಅಂತ ಗೊತ್ತಾಗದ ಹಾಗೆ ಆಗುತ್ತದೆ.

ಔಷಧಿ ಬೇಗ ಶುರುವಾದರೆ ಒಳ್ಳೆಯದು, ಮೊದಲ 5 ದಿನಗಳೊಳಗೆ. ರೆಮ್ಡೆಸಿವಿರ್ ಅನ್ನು ಡಯಾಲಿಸಿಸ್‌ನವರಿಗೂ ಡೋಸ್ ಬದಲಿಸದೆ ಕೊಡಬಹುದು ಅಂತ ಅಮೆರಿಕದ ಔಷಧ ಇಲಾಖೆ 2023ರಲ್ಲಿ ಒಪ್ಪಿಗೆ ಕೊಟ್ಟಿದೆ. ಪ್ಯಾಕ್ಸ್‌ಲೋವಿಡ್ ಬೇರೆ ಮಾತ್ರೆಗಳ ಜೊತೆ ಜಗಳ ಆಡುತ್ತದೆ, ಡೋಸ್ ಕೂಡ ಕಿಡ್ನಿ ನೋಡಿ ಇಳಿಸಬೇಕು. ಇವೆಲ್ಲ ಡಾಕ್ಟರ್ ಕೈಯಲ್ಲಿರಲಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಚೀಟಿ ನೋಡಿ ಸ್ಟಿರಾಯ್ಡ್ ಮಾತ್ರೆ ನುಂಗಬೇಡಿ. 2021ರಲ್ಲಿ ಕಪ್ಪು ಶಿಲೀಂಧ್ರ ಯಾರನ್ನು ಹಿಡಿಯಿತು ನೆನಪಿದೆ ಅಲ್ವಾ, ಸಕ್ಕರೆ ಕಾಯಿಲೆ ಇದ್ದು ಸ್ಟಿರಾಯ್ಡ್ ಜಾಸ್ತಿ ತೆಗೆದುಕೊಂಡವರನ್ನೇ. ಆಕ್ಸಿಜನ್ 94ಕ್ಕಿಂತ ಕೆಳಗೆ ಇಳಿದರೆ, ಮಾತಾಡುವಾಗ ಏದುಸಿರು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಹೆಜ್ಜೆ 10: ಕಸಿ ಮಾಡಿಸಿಕೊಳ್ಳುವವರು ಮೊದಲೇ ಮುಗಿಸಿ

ಕಿಡ್ನಿ ಕಸಿಗೆ ತಯಾರಾಗುತ್ತಿರುವವರು, ಅಂಗಾಂಗ ದಾನ ನೋಡಿಕೊಳ್ಳುವ ಕರ್ನಾಟಕದ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಬರೆಸಿ ಕಾಯುತ್ತಿರುವವರು ಇದನ್ನು ಮುಂದೂಡಲೇಬಾರದು. ಕಸಿ ಆದ ಮೇಲೆ ಹೊಸ ಕಿಡ್ನಿಯನ್ನು ಮೈ ತಳ್ಳದಿರಲಿ ಅಂತ ಕೊಡುವ ಮಾತ್ರೆಗಳು ಲಸಿಕೆಯ ಕೆಲಸವನ್ನೂ ತಡೆಯುತ್ತವೆ. ಅಮೆರಿಕದಲ್ಲಿ 2021ರಲ್ಲಿ ಅಂಗಾಂಗ ಕಸಿ ಆದವರನ್ನು ನೋಡಿದಾಗ 2 ಡೋಸ್ ಫೈಜರ್ ಅಥವಾ ಮಾಡರ್ನಾ ಆದ ಮೇಲೂ ಶೇ. 54 ಜನರಲ್ಲಷ್ಟೇ ಆಂಟಿಬಾಡಿ ಸಿಕ್ಕಿತ್ತು. ಇಸ್ರೇಲ್‌ನ ಡಯಾಲಿಸಿಸ್ ರೋಗಿಗಳಲ್ಲಿ ಅದು 96 ಇತ್ತು ಅಂತ ಮೇಲೆ ಹೇಳಿದೆನಲ್ಲ, ಆ ವ್ಯತ್ಯಾಸ ನೋಡಿ. ಮನೆಯವರೇ ಕಿಡ್ನಿ ಕೊಡುವುದಾದರೆ ಆಪರೇಷನ್ ತಾರೀಖು ಗೊತ್ತಿರುತ್ತದೆ, ಅದಕ್ಕೆ ಕನಿಷ್ಠ 2 ವಾರ ಮೊದಲು ಲಸಿಕೆ ಮುಗಿದಿರಲಿ, ಕೊಡುವವರದೂ ಮುಗಿದಿರಲಿ. ಪಟ್ಟಿಯಲ್ಲಿ ಕಾಯುವವರಿಗೆ ಫೋನ್ ಯಾವ ರಾತ್ರಿ ಬರುತ್ತದೋ ಗೊತ್ತಿಲ್ಲ. ಅವರು ಈ ವಾರದ ಡಯಾಲಿಸಿಸ್‌ಗೆ ಹೋದಾಗಲೇ ಹೆಜ್ಜೆ 4ರ ಆ ಚೀಟಿ ಡಾಕ್ಟರ್ ಕೈಗೆ ಕೊಡಲಿ.